ಮೂರನೆಯ ಪ್ರತಿ

ಕಳೆದ ಮೇ ತಿಂಗಳ ರಜೆಯಲ್ಲಿ ನಾನು ಟೋಕಿಯೋ ನಗರಕ್ಕೆ ಹೊರಟು ನಿಂತಾಗ ನನ್ನ ಪೆಟ್ಟಿಗೆಯಲ್ಲಿ ಹುಣಿಸೆಹಣ್ಣು, ಸಾರಿನ ಪುಡಿ, ಹಪ್ಪಳಗಳ ಜೊತೆಗೆ ಎಂಟು ಕನ್ನಡ ಪುಸ್ತಕಗಳಿದ್ದುವು. ಅವುಗಳ ಭಾರದಿಂದಾಗಿ ಉಪ್ಪಿನಕಾಯಿಯ ಡಬ್ಬಿಯನ್ನು ಕೆಳಗಿಳಿಸಬೇಕಾಯಿತೆಂದು ನಮ್ಮ ತಾಯಿಗೆ ತುಸು ಅಸಮಾಧಾನ. ಆದರೆ ಅಕ್ಕನ ಆಜ್ಞೆಯನ್ನು ಮೀರುವಂತಿರಲಿಲ್ಲ. "ಇವನಿಗೆ ಬೆಳಗಾದರೆ ಚಿತ್ರದ ಪುಸ್ತಕ, ಸಂಜೆಯಾದರೆ ಚಿತ್ರದ ಪುಸ್ತಕ ಕಣೋ. ಕನ್ನಡ ಓದುವುದನ್ನೇ ಬಿಟ್ಟಿದ್ದಾನೆ. ನೀನು ಹತ್ತು ವರ್ಷದಿಂದ ಕಾಲೇಜಿನ ಮಕ್ಕಳಿಗೆ ಪಾಠ ಹೇಳುವವನು, ಬಂದು ಒಂದು ದಾರಿಗೆ ತಾ" ಎಂದು ಆಕೆ ದೂರವಾಣಿಯಲ್ಲಿ ಕಟ್ಟಪ್ಪಣೆ ಮಾಡಿದ್ದಳು.

ಇವನು ಎಂದರೆ ಅಕ್ಕನ ಮಗ, ನನ್ನ ಸೋದರಳಿಯ, ಮನೆಯವರಿಗೆಲ್ಲ ಪುಟ್ಟು. ಮೈಸೂರಿನಲ್ಲಿ ಹತ್ತು ವರ್ಷ ಬೆಳೆದು, ಭಾವನವರ ಉದ್ಯೋಗದ ನಿಮಿತ್ತ ಜಪಾನಿಗೆ ಹೋಗಿ ಐದು ವರ್ಷವಾಗಿತ್ತು. ಚಿತ್ರದ ಪುಸ್ತಕವೆಂದು ಅಕ್ಕ ಹಳಿದದ್ದು 'ಮಂಗಾ' ಎಂಬ ಜಪಾನೀ ಚಿತ್ರಕಥೆಗಳನ್ನು. ಅವೇ ತೆರೆಯ ಮೇಲೆ ಚಲಿಸಿದರೆ 'ಅನಿಮೆ'. ಮೊದಲನೆಯ ಹೆಸರನ್ನು ಕೇಳಿದ ನಮ್ಮ ತಾಯಿ, "ಸರಿಯಾದ ಹೆಸರನ್ನೇ ಇಟ್ಟಿದ್ದಾರೆ" ಎಂದು ನಕ್ಕಿದ್ದರು.

ಅಕ್ಕನ ಮನೆ ಇರುವುದು ಟೋಕಿಯೋದ ಪೂರ್ವದಂಚಿನ ನಿಶಿಕಸಾಯಿ ಎಂಬಲ್ಲಿ. ಭಾರತೀಯರು ಗುಂಪಾಗಿ ನೆಲೆಸಿರುವ ಬಡಾವಣೆ ಅದು, ತೊಗರಿಬೇಳೆಗೆ ಬರವಿಲ್ಲ. ಹೋದ ದಿನವೇ ನನ್ನ ಎಂಟು ಪುಸ್ತಕಗಳನ್ನು ಹುಡುಗನ ಮೇಜಿನ ಮೇಲೆ ಸಾಲಾಗಿ ಜೋಡಿಸಿದೆ. ಎಲ್ಲವೂ ಪ್ರಶಸ್ತಿ ಪಡೆದ ಗ್ರಂಥಗಳು, ಎಂ.ಎ. ತರಗತಿಯಲ್ಲಿ ನಾನೇ ಬೆವರಿಳಿಸಿ ಓದಿದಂಥವು. ಪುಟ್ಟು ವಿನಯದಿಂದ "ಥ್ಯಾಂಕ್ಸ್ ಮಾಮ" ಎಂದ. ನಾಲ್ಕು ದಿನ ಕಳೆದರೂ ಅವುಗಳಿಗೆ ಸುತ್ತಿದ್ದ ರಬ್ಬರ್ ಪಟ್ಟಿ ಹಾಗೆಯೇ ಇತ್ತು. ಹುಡುಗನಿಗೆ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ, ಮಾತೂ ಇರಲಿಲ್ಲ. ಚಿಕ್ಕಂದಿನಲ್ಲಿ ನನ್ನ ಸೈಕಲ್ಲಿನ ಮುಂದೆ ಕುಳಿತು ಕುಕ್ಕರಹಳ್ಳಿ ಕೆರೆಯ ಏರಿಯುದ್ದಕ್ಕೂ ಬಾಯಿ ಮುಚ್ಚದೆ ಹರಟುತ್ತಿದ್ದ ಮಗು ಈಗ ಊಟಕ್ಕೆ ಕುಳಿತಾಗ "ಹೂಂ", "ಉಹುಂ" ಎಂಬೆರಡು ಶಬ್ದಗಳಲ್ಲಿ ಸಂಸಾರ ಸಾಗಿಸುತ್ತಿದ್ದ. ನಿಜ ಹೇಳಬೇಕೆಂದರೆ ಅಕ್ಕನಿಗಿಂತ ನನಗೇ ಹೆಚ್ಚು ಕಳವಳವಾಯಿತು.

ಶನಿವಾರ ಬೆಳಿಗ್ಗೆ ನಾನು ಸೋತು, "ನೀನು ಪುಸ್ತಕ ಕೊಳ್ಳುವ ಜಾಗವನ್ನಾದರೂ ತೋರಿಸು" ಎಂದೆ. ಹುಡುಗ ತಟ್ಟನೆ ಎದ್ದು ಬೂಟು ಹಾಕಿಕೊಂಡ.

ನಿಶಿಕಸಾಯಿಯಿಂದ ತೋಜಾಯಿ ಎಂಬ ಸುರಂಗ ರೈಲು ಪಶ್ಚಿಮಕ್ಕೆ ಓಡುತ್ತದೆ. ಕುದಾನ್‌ಶಿತಾದಲ್ಲಿ ಇಳಿದು ಸ್ವಲ್ಪ ದೂರ ನಡೆದರೆ ಜಿಂಬೊಚೊ. ಹಳೆಯ ಪುಸ್ತಕದಂಗಡಿಗಳು ನೂರಕ್ಕೂ ಮಿಗಿಲಾಗಿರುವ ಪೇಟೆಯೊಂದನ್ನು ವಾಚಕರು ಊಹಿಸಿಕೊಳ್ಳಬೇಕು. ಹೆಚ್ಚಿನ ಅಂಗಡಿಗಳು ಹೆದ್ದಾರಿಯ ದಕ್ಷಿಣ ಮಗ್ಗುಲಲ್ಲಿ ಉತ್ತರಕ್ಕೆ ಮುಖಮಾಡಿ ನಿಂತಿವೆ. ಬಿಸಿಲು ತಾಗಿದರೆ ಪುಸ್ತಕದ ಬಣ್ಣ ಮಾಸುತ್ತದೆ ಎಂಬ ಎಚ್ಚರ. ಅಲ್ಲಿಯ ಒಂದು ಹೊಸ ಪುಸ್ತಕದ ಮಳಿಗೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಪುಸ್ತಕವಲ್ಲ, ಪುಸ್ತಕದ ರಾಶಿಯ ಮುಂದೆ ಸಿಕ್ಕಿಸಿದ್ದ ಅಂಗೈಯಗಲದ ರಟ್ಟಿನ ಚೀಟಿಗಳು. ಬಣ್ಣದ ಲೇಖನಿಯಿಂದ ಕೈಯಲ್ಲೇ ಬರೆದವು. ಅಂಗಡಿಯ ನೌಕರರು ತಾವು ಓದಿ ಮೆಚ್ಚಿದ ಕೃತಿಗೆ ಇಂಥ ಚೀಟಿ ಬರೆದಿಡುವುದು ಆ ದೇಶದ ಪದ್ಧತಿ. ಪುಟ್ಟು ಒಂದನ್ನು ಓದಿ ಹೇಳಿದ: ಇದನ್ನು ರೈಲಿನಲ್ಲಿ ಓದಬೇಡಿ, ನಾನು ಇಳಿಯುವ ನಿಲ್ದಾಣ ತಪ್ಪಿಸಿಕೊಂಡೆ ಎಂದಷ್ಟೇ ಅದರಲ್ಲಿತ್ತಂತೆ. ಕಥೆ ಯಾವುದು, ಕರ್ತೃವಿನ ಜೀವನದೃಷ್ಟಿ ಎಂಥದು ಎಂಬ ಗೊಡವೆಯೇ ಇಲ್ಲ. ನಾನು ಬರೆದಿರುವ ಮುನ್ನುಡಿಗಳೆಲ್ಲ ಆ ಕ್ಷಣ ಕಣ್ಣಮುಂದೆ ಸಾಲುಗಟ್ಟಿ ನಿಂತು ನಾಚಿಕೊಂಡವು.

ಈ ಮಂದಿ ಶಿಫಾರಸನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾರೆಂದರೆ ಅದಕ್ಕೊಂದು ಪ್ರಶಸ್ತಿಯನ್ನೇ ಕಟ್ಟಿದ್ದಾರೆ. 2008ರಲ್ಲಿ ಆರಂಭವಾದ 'ಮಂಗಾ ತೈಶೋ' ಅದು. ಆಯ್ಕೆ ಮಾಡುವವರಲ್ಲಿ ಪುಸ್ತಕದಂಗಡಿಯ ನೌಕರರೇ ಮುಖ್ಯರು. ಅವರು ತಮ್ಮನ್ನು ತಾವು ಕೇಳಿಕೊಳ್ಳುವ ಪ್ರಶ್ನೆ, ಈಗ ಗೆಳೆಯನಿಗೆ ಓದು ಎಂದು ಹೇಳಬೇಕೆನಿಸುವ ಕೃತಿ ಯಾವುದು ಎಂಬುದು. ಎಂಟು ಸಂಪುಟ ಮೀರಿದ ಕಥೆಗೆ ಅಲ್ಲಿ ಪ್ರವೇಶವಿಲ್ಲ. ಕಾರಣ ನನಗೆ ತೋರಿದಂತೆ ಸರಳ: 1997ರಲ್ಲಿ ತೊಡಗಿ ನೂರು ಸಂಪುಟ ದಾಟಿದ 'ಒನ್ ಪೀಸ್' ಕಥೆಯನ್ನು ಇಂದು ಗೆಳೆಯನ ಕೈಗಿಟ್ಟರೆ ಅದು ಉಪಕಾರವಲ್ಲ, ಸಾಲ.

ಓದುಗನ ಮಾತಿಗೆ ಅಲ್ಲಿ ಇನ್ನೊಂದು ಬಗೆಯ ಬಲವೂ ಉಂಟು. 1968ರಲ್ಲಿ ಹುಟ್ಟಿದ 'ಶೋನೆನ್ ಜಂಪ್' ಎಂಬ ವಾರಪತ್ರಿಕೆ ಪ್ರತಿ ಸಂಚಿಕೆಯಲ್ಲಿ ಒಂದು ಕಾರ್ಡನ್ನಿಟ್ಟು, ಮೆಚ್ಚಿಕೆಯಾದ ಮೂರು ಕಥೆಗಳ ಹೆಸರನ್ನು ಬರೆದು ಕಳಿಸಿರೆಂದು ಓದುಗರನ್ನು ಕೇಳುವ ಕ್ರಮವನ್ನು ರೂಢಿಸಿತು. ಕಾರ್ಡು ಬಾರದ ಧಾರಾವಾಹಿ ಕೆಲವೇ ವಾರಗಳಲ್ಲಿ ಮುಕ್ತಾಯವಾಗುತ್ತಿತ್ತು. 1994ರ ಕೊನೆಯಲ್ಲಿ ಅದರ ಒಂದೇ ಸಂಚಿಕೆ 65 ಲಕ್ಷಕ್ಕೂ ಹೆಚ್ಚು ಪ್ರತಿ ಅಚ್ಚಾಯಿತು. ನಮ್ಮ ಕಾದಂಬರಿಕಾರರಿಗೆ ಇಂಥ ಕಾರ್ಡಿನ ಸುದ್ದಿಯನ್ನು ಯಾರೂ ಹೇಳದಿರಲಿ!

ಜಿಂಬೊಚೊದ ಪಕ್ಕದ ಏರಿನಲ್ಲಿ ಮೇಜಿ ವಿಶ್ವವಿದ್ಯಾಲಯದವರು 2009ರಲ್ಲಿ ತೆರೆದ ಪುಸ್ತಕಾಲಯವೊಂದಿದೆ. ಯೊನೆಜಾವಾ ಯೊಶಿಹಿರೊ ಎಂಬ ವಿಮರ್ಶಕರ ಸಂಗ್ರಹದಿಂದ ಬೆಳೆದದ್ದು. ಅವರೂ ಅವರ ಗೆಳೆಯರೂ ಕೂಡಿ 1975ರ ಡಿಸೆಂಬರ್ 21ರಂದು ನಡೆಸಿದ ಓದುಗರ ಸಂತೆಗೆ ಬಂದ ತಂಡಗಳು 32, ಜನ ಸುಮಾರು 700. ತಾವೇ ಬರೆದು ತಾವೇ ಮುದ್ರಿಸಿದ ಸಂಚಿಕೆಗಳನ್ನು ಹರಡಿಕೊಂಡು, ಯಾವುದು ಚೆನ್ನ ಯಾವುದು ಚೆನ್ನಲ್ಲ ಎಂದು ವಾದಿಸಿದ ಆ ಕೂಟವೇ ಬೆಳೆದು ಈಗ ವರ್ಷಕ್ಕೆರಡು ಬಾರಿ ಕೂಡುವ 'ಕೊಮಿಕೆಟ್'. 2019ರ ಬೇಸಿಗೆಯಲ್ಲಿ ನಾಲ್ಕು ದಿನಕ್ಕೆ ಏಳು ಲಕ್ಷಕ್ಕೂ ಹೆಚ್ಚು ಮಂದಿ ಬಂದರು. ನಾವು ಅದನ್ನು ನೋಡಲಿಲ್ಲ. ಅದು ಆಗಸ್ಟ್ ಮತ್ತು ಡಿಸೆಂಬರ್ ತಿಂಗಳ ಮಾತು.

ಅದೇ ತೋಜಾಯಿ ರೈಲನ್ನು ಮತ್ತೆ ಹತ್ತಿ ಕೊನೆಯ ನಿಲ್ದಾಣವಾದ ನಕಾನೊಗೆ ಹೋದೆವು. ಮಾಡು ಹೊದಿಸಿದ ಅಂಗಡಿಬೀದಿಯನ್ನು ದಾಟಿದರೆ 1966ರಲ್ಲಿ ಕಟ್ಟಿದ 'ಬ್ರಾಡ್‌ವೇ' ಎಂಬ ಕಟ್ಟಡ. ಫುರುಕಾವಾ ಎಂಬ ಚಿತ್ರಕಥೆಗಾರರು 1980ರಲ್ಲಿ ಅಲ್ಲಿ 'ಮಂದರಾಕೆ' ಎಂಬ ಪುಟ್ಟದೊಂದು ಹಳೆಯ ಪುಸ್ತಕದಂಗಡಿಯನ್ನಿಟ್ಟರು. ಈಗ ಮಹಡಿ ಮಹಡಿಗೂ ಅದರ ಕೊಠಡಿಗಳೇ. ಕಿರಿದಾದ ಓಣಿಗಳು, ಮೇಲ್ಛಾವಣಿಯವರೆಗೆ ಪುಸ್ತಕಗಳು, ಹಳೆಯ ಕಾಗದದ ವಾಸನೆ. ಆ ವಾಸನೆ ಮೂಗಿಗೆ ಬಡಿದೊಡನೆ ನನಗೆ ನಮ್ಮ ಬೀದಿಯ ಬಾಡಿಗೆ ಪುಸ್ತಕಾಲಯದ ನೆನಪಾಯಿತು. ಅದರ ಯಜಮಾನರು ಕನ್ನಡಕದ ಮೇಲಿನಿಂದ ನನ್ನ ಮುಖವನ್ನು ನೋಡಿ, "ಅದು ನಿನಗೆ ಹಿಡಿಸುವುದಿಲ್ಲ, ಇದನ್ನು ಒಯ್ಯಿ" ಎಂದು ಕೈಯಲ್ಲಿದ್ದುದನ್ನು ಕಿತ್ತುಕೊಂಡು ಬೇರೊಂದನ್ನು ಕೊಡುತ್ತಿದ್ದರು. ಒಮ್ಮೆಯೂ ತಪ್ಪಿದವರಲ್ಲ. ಪುಟ್ಟುವಿಗೆ ಇದನ್ನು ಹೇಳಿದೆ. ಅವನು ನಿಂತುಬಿಟ್ಟ. "ಅವರು ಮೊದಲು ನಿನ್ನನ್ನು ಏನು ಕೇಳುತ್ತಿದ್ದರು ಮಾಮ?" ಎಂದ.

ನೆನಪು ಮಾಡಿಕೊಂಡೆ. "ಹೋದ ಸಲ ಒಯ್ದದ್ದರಲ್ಲಿ ಯಾವುದು ಇಷ್ಟವಾಯಿತು ಎಂದು ಕೇಳುತ್ತಿದ್ದರು."

"ಹಾಗಾದರೆ ಅವರಿಗೆ ಗೊತ್ತಿತ್ತು" ಎಂದು ತಲೆಯಾಡಿಸಿದ.

ಅಲ್ಲಿಂದ ಮಾತು ಹರಿಯತೊಡಗಿತು. ಜಪಾನಿಗೆ ಬಂದ ಹೊಸತರಲ್ಲಿ ಶಾಲೆಯಲ್ಲಿ ಅವನಿಗೆ ಭಾಷೆ ಬಾರದು, ಗೆಳೆಯರಿಲ್ಲ. ಆರು ತಿಂಗಳು ಹೀಗೆಯೇ ಕಳೆಯಿತಂತೆ, ಅಕ್ಕನಿಗೂ ಹೇಳಿರಲಿಲ್ಲವಂತೆ. ಒಂದು ಸೋಮವಾರ ಪಕ್ಕದ ಸಾಲಿನ ಹುಡುಗನೊಬ್ಬ ಮಾತಾಡದೆ ಅವನ ಮೇಜಿನ ಮೇಲೆ 'ಡ್ರಾಗನ್ ಬಾಲ್' ಕಥೆಯ ಮೊದಲನೆಯ ಸಂಪುಟವನ್ನಿಟ್ಟು ಹೋದ. ಕಷ್ಟದ ಲಿಪಿಯ ಪಕ್ಕದಲ್ಲಿ ಉಚ್ಚಾರಣೆಯನ್ನು ಸಣ್ಣಕ್ಷರದಲ್ಲಿ ಕೊಡುವುದು ಹುಡುಗರ ಮಂಗಾಗಳ ವಾಡಿಕೆ. ಅದನ್ನು ಹಿಡಿದುಕೊಂಡು, ಚಿತ್ರ ನೋಡಿಕೊಂಡು ಪುಟ್ಟು ಓದಿದ. ಮುಂದಿನ ಸೋಮವಾರ ಎರಡನೆಯ ಸಂಪುಟ. ಹೀಗೆ 42 ಸಂಪುಟ. ಕೊನೆಯದು ಮುಗಿಯುವ ಹೊತ್ತಿಗೆ ಭಾಷೆಯೂ ಬಂದಿತ್ತು, ಗೆಳೆಯನೂ ಸಿಕ್ಕಿದ್ದ.

ಆ ಕಥೆಯ ನಾಯಕ ಗೊಕು, ಚೀನೀ ಪುರಾಣದ ವಾನರವೀರನಿಂದ ಹೆಸರು ಪಡೆದವನು. ಆ ವಾನರ ಬೆಂಗಾವಲಾಗಿ ಹೊರಟದ್ದು ಯಾವ ಯಾತ್ರಿಕನಿಗೆ? ಏಳನೆಯ ಶತಮಾನದಲ್ಲಿ ನಮ್ಮ ಇಮ್ಮಡಿ ಪುಲಿಕೇಶಿಯ ನಾಡನ್ನು ಕಂಡು ಬರೆದ ಹ್ಯುಯೆನ್ ತ್ಸಾಂಗನಿಗೆ! ಓಣಿಯ ನಡುವೆ ನಿಂತು ನಾನು ಇದನ್ನು ಹೇಳಿದಾಗ ಹುಡುಗ, "ನಿಜವಾಗಿಯೂ ಮಾಮ?" ಎಂದು ಕಣ್ಣರಳಿಸಿದ. ಇಡೀ ವಾರದಲ್ಲಿ ನನ್ನ ಪಾಂಡಿತ್ಯಕ್ಕೆ ಸಂದ ಮೊದಲನೆಯ ಮರ್ಯಾದೆ ಅದು. ಹಾಗೆಯೇ ಮುಂದುವರಿದು ಕಥಾಸಾರ, ಕಥಾಂತ್ಯಗಳನ್ನು ವಿಚಾರಿಸತೊಡಗಿದೆ. ಅವನು ಕೈಯೆತ್ತಿ ತಡೆದ. ಮುಕ್ತಾಯವನ್ನು ಬಿಟ್ಟುಕೊಡುವುದಕ್ಕೆ ಅವರು 'ನೆತಾಬಾರೆ' ಎನ್ನುತ್ತಾರೆ. ಅಭಿಮಾನಿಗಳಲ್ಲಿ ಅದಕ್ಕಿಂತ ದೊಡ್ಡ ಅಪರಾಧವಿಲ್ಲ. ಸಾರಾಂಶವನ್ನೆಲ್ಲ ತರಗತಿಯಲ್ಲಿ ಹೇಳಿ ಮುಗಿಸಿ, ಇನ್ನು ಮನೆಗೆ ಹೋಗಿ ಮೂಲವನ್ನು ಓದಿರಿ ಎನ್ನುವ ನನ್ನಂಥವನು ಏನು ಹೇಳಲಿ?

ಒಂದೇ ಕಥೆಯ ಒಂದೇ ಸಂಪುಟವನ್ನು ಮೂರು ಮೂರು ಕೊಳ್ಳುತ್ತಿದ್ದ ತರುಣನೊಬ್ಬನನ್ನು ಅಲ್ಲಿಯೇ ಕಂಡೆ. ನನಗೆ ವಿಚಿತ್ರವೆನಿಸಿತು. ಪುಟ್ಟು ವಿವರಿಸಿದ: ಒಂದು ಓದಲಿಕ್ಕೆ, ಒಂದು ಕೆಡದಂತೆ ಕಾದಿಡಲಿಕ್ಕೆ, ಮೂರನೆಯದು 'ಫುಕ್ಯೋ'ಗೆ. ಫುಕ್ಯೋ ಎಂದರೆ ಧರ್ಮಪ್ರಸಾರ. ಬೌದ್ಧ ಭಿಕ್ಷುಗಳೂ ಪಾದ್ರಿಗಳೂ ಮಾಡುವ ಕೆಲಸದ ಹೆಸರನ್ನೇ ಎತ್ತಿಕೊಂಡು ಈ ಹುಡುಗರು ಮೆಚ್ಚಿದ ಕಥೆಯನ್ನು ಹಂಚುವುದಕ್ಕೆ ಇಟ್ಟುಕೊಂಡಿದ್ದಾರೆ. ಮೂರನೆಯ ಪ್ರತಿ ಯಾರಿಗೋ ಕೊಡಲೆಂದೇ ಇರುವಂಥದು. ಹಿಂತಿರುಗಿ ಬರುತ್ತದೆಂಬ ಭರವಸೆಯಿಲ್ಲ. ಅಚ್ಚುಮೆಚ್ಚಿನದಕ್ಕೆ ಅವರು ಬಳಸುವ 'ಓಶಿ' ಎಂಬ ಪದವೂ ಸೊಗಸಾಗಿದೆ. ತಳ್ಳು, ಮುಂದೆ ಮಾಡು ಎಂಬ ಧಾತುವಿನಿಂದ ಬಂದದ್ದು. ನಮ್ಮ 'ಶಿಫಾರಸು' ಪಾರಸಿಯಿಂದ ಬಂದು ಕಚೇರಿಯ ಬೆಂಚಿನ ಮೇಲೆ ಬಹುಕಾಲ ಕುಳಿತು ಕೆಟ್ಟಿದೆ. ಆ ಮಾತನ್ನಾಡಿದರೆ ಮಂತ್ರಿಗಳ ಚೀಟಿಯ ವಾಸನೆ ಬರುತ್ತದೆ. ಪುಸ್ತಕಕ್ಕೆ ಒಪ್ಪುವ ಕನ್ನಡ ಮಾತೊಂದನ್ನು ಅಂದಿನಿಂದ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ.

ಪುಟ್ಟುವಿನ ಗೆಳೆಯ ಎರಡು ವರ್ಷದ ಹಿಂದೆ ಬೇರೆ ಊರಿಗೆ ಹೋದ. ಹೋಗುವಾಗ ತನ್ನ ಮೂರನೆಯ ಪ್ರತಿಯೊಂದನ್ನು ಕೊಟ್ಟು ಹೋದನಂತೆ. "ಯಾವುದು?" ಎಂದೆ. "ಇಲ್ಲಿ ಬೇಡ, ಕ್ಯೋತೋದಲ್ಲಿ ತೋರಿಸುತ್ತೇನೆ" ಎಂದ. ನಾನು ಬೇರೆ ಕಡೆ ನೋಡುತ್ತಿದ್ದಾಗ ಅವನು ಏನನ್ನೋ ಕೊಂಡು ಚೀಲಕ್ಕೆ ಸೇರಿಸಿದ್ದನ್ನು ಕಂಡೂ ಕಾಣದಂತಿದ್ದೆ.

ಮರು ಶನಿವಾರ ಮಿಂಚಿನ ರೈಲಿನಲ್ಲಿ ಎರಡೂಕಾಲು ಗಂಟೆಯ ಪಯಣ. ಕ್ಯೋತೋ ದೇವಾಲಯಗಳ ಊರು. ಅವುಗಳ ವರ್ಣನೆಯನ್ನು ವಾಚಕರು ಬಲ್ಲವರಿಂದ ಓದಬಹುದು. ನಾವು ನೇರವಾಗಿ ಹೋದದ್ದು ಒಂದು ಶಾಲೆಗೆ. ತತ್ಸುಯಿಕೆ ಪ್ರಾಥಮಿಕ ಶಾಲೆಯನ್ನು 1869ರಲ್ಲಿ ಆ ಕೇರಿಯ ಜನ ತಾವೇ ಹಣ ಕೂಡಿಸಿ ತೆರೆದರು. ನಗರದ ನಡುವೆ ಮಕ್ಕಳ ಸಂಖ್ಯೆ ಇಳಿದು 1995ರಲ್ಲಿ ಅದು ಮುಚ್ಚಿತು. 2006ರ ನವೆಂಬರಿನಲ್ಲಿ ಅದೇ ಕಟ್ಟಡ ಮಂಗಾ ವಸ್ತುಸಂಗ್ರಹಾಲಯವಾಗಿ ಮತ್ತೆ ಬಾಗಿಲು ತೆರೆಯಿತು. ಮುಖ್ಯೋಪಾಧ್ಯಾಯರ ಕೊಠಡಿ ಇನ್ನೂ ಹಾಗೆಯೇ ಇದೆ. ಹಲಗೆಯ ನೆಲ ಹೆಜ್ಜೆಗೊಮ್ಮೆ ಕಿರುಗುಟ್ಟುತ್ತದೆ. ಆ ಪಡಸಾಲೆಗಳ ಗೋಡೆಯುದ್ದಕ್ಕೂ, ಒಟ್ಟು 200 ಮೀಟರು, ಐವತ್ತು ಸಾವಿರ ಸಂಪುಟಗಳು. ಯಾವುದನ್ನಾದರೂ ಎಳೆದುಕೊಂಡು ಎಲ್ಲಿಯಾದರೂ ಕುಳಿತು ಓದಬಹುದು. ಮೆಟ್ಟಿಲ ಮೇಲೆ ಅಜ್ಜ, ಕಂಬಕ್ಕೊರಗಿ ಮೊಮ್ಮಗಳು; ಶಾಲೆಯ ಆಟದ ಬಯಲೇ ಈಗ ಹುಲ್ಲುಹಾಸು, ಅದರ ಮೇಲೆ ಅಂಗಾತ ಮಲಗಿ ಓದುವವರು ಬೇಕಾದಷ್ಟು. ಶಾಲೆಯೊಂದರಲ್ಲಿ ಇಷ್ಟು ಜನ ಇಷ್ಟು ನೆಮ್ಮದಿಯಾಗಿ ಓದುತ್ತಿದ್ದುದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಪುಟ್ಟು ಮೇಲಿನ ಅಂತಸ್ತಿಗೆ ಹೋಗಿ ಒಂದು ತೆಳು ಸಂಪುಟವನ್ನು ತಂದ. 'ಮುಶಿಶಿ'. ಉರುಶಿಬಾರಾ ಯೂಕಿ 1999ರಿಂದ 2008ರವರೆಗೆ ಬರೆದು ಹತ್ತು ಸಂಪುಟಕ್ಕೆ ಮುಗಿಸಿದ ಕೃತಿ. 2005ರಲ್ಲಿ ಅನಿಮೆಯೂ ಆಯಿತು. ನಾನು ನಮ್ಮ ರೂಢಿಯಂತೆ ತೆರೆದೆ. ಅವನು ನಕ್ಕು ತಿರುಗಿಸಿ ಕೊಟ್ಟ. ಅವರ ಪುಸ್ತಕ ನಮ್ಮ ಪುಸ್ತಕ ಮುಗಿಯುವಲ್ಲಿ ಪ್ರಾರಂಭವಾಗುತ್ತದೆ. ನನಗೆ ಲಿಪಿ ತಿಳಿಯದು. "ನಾನು ಹೇಳುತ್ತೇನೆ" ಎಂದು ಹುಡುಗ ಹುಲ್ಲಿನ ಮೇಲೆ ಪಕ್ಕದಲ್ಲಿ ಕುಳಿತ.

"ಮುಶಿ ಅಂದರೆ ಹುಳು. ಆದರೆ ಇದು ಹುಳು ಅಲ್ಲ. ಹುಳುವಿಗಿಂತ ಮೊದಲಿನದು. ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ." ಗಿಂಕೊ ಎಂಬ ಬಿಳಿಗೂದಲಿನ ಅಲೆಮಾರಿಯೊಬ್ಬ ಮರದ ಪೆಟ್ಟಿಗೆಯನ್ನು ಬೆನ್ನಿಗೇರಿಸಿಕೊಂಡು ಬೆಟ್ಟದ ಹಳ್ಳಿಗಳಲ್ಲಿ ತಿರುಗುತ್ತ, ಆ ಜೀವಗಳಿಂದಾಗುವ ಬೇನೆಗಳಿಗೆ ಪರಿಹಾರ ಹುಡುಕುತ್ತಾನೆ. ಮೊದಲನೆಯ ಕಥೆಯಲ್ಲಿ ಕಾಡಿನ ಮನೆಯಲ್ಲಿ ಒಬ್ಬನೇ ಇರುವ ಹುಡುಗ. ಅವನು ಎಡಗೈಯಲ್ಲಿ ಬರೆದ ಚಿತ್ರಕ್ಕೆ ಜೀವ ಬರುತ್ತದೆ. ಅಕ್ಷರ ಬರೆದರೆ ಅಕ್ಷರವೇ ಎದ್ದು ಕಾಗದದಿಂದಾಚೆಗೆ ಹರಿದುಹೋಗುತ್ತದೆ. ಕನ್ನಡ ಮೇಷ್ಟ್ರಿಗೆ ಇದಕ್ಕಿಂತ ಬೇರೆ ಗಾಳ ಬೇಕೆ? ನಡುವೆ ಹುಡುಗನ ಮಾತು ನಿಂತಿತು. ಚಿತ್ರದಲ್ಲಿ ಕಲ್ಲಿನ ಮೇಲೆ ಹಸಿರು ಹಬ್ಬಿತ್ತು. "ಇದಕ್ಕೆ ಕನ್ನಡದಲ್ಲಿ ಏನೋ ಹೇಳುತ್ತಾರೆ... ಅಜ್ಜಿಯ ಮನೆಯ ಬಾವಿಯಲ್ಲಿ ಇರುತ್ತಲ್ಲ..."

"ಹಾವಸೆ" ಎಂದೆ.

"ಹಾವಸೆ, ಹಾವಸೆ" ಎಂದು ಎರಡು ಸಲ ಹೇಳಿಕೊಂಡು ಮುಂದೆ ಹೊರಟ. ಒಂದೂವರೆ ಗಂಟೆ ನಮ್ಮ ಪುಟ್ಟು ಬಿಡದೆ ಕನ್ನಡದಲ್ಲಿ ಮಾತಾಡಿದ. ವಿಭಕ್ತಿ ತಪ್ಪಿತು, ಲಿಂಗ ತಪ್ಪಿತು. ತಿದ್ದಬೇಕೆಂದು ನನಗೆ ತೋರಲೇ ಇಲ್ಲ. ಮುಕ್ತಾಯವನ್ನು ಮಾತ್ರ ಅವನು ಹೇಳಲಿಲ್ಲ. "ನಿನಗೆ ಇದು ಹಿಡಿಸುತ್ತದೆಂದು ಹೇಗೆ ಗೊತ್ತಾಯಿತೋ?" ಎಂದೆ. "ನೀನು ಮೈಸೂರಲ್ಲಿ ಗಿಡದ ಹೆಸರು, ಹಕ್ಕಿಯ ಹೆಸರು ಎಲ್ಲ ಹೇಳುತ್ತಿದ್ದೆಯಲ್ಲ" ಎಂದ.

ಆ ರಾತ್ರಿ ನಿದ್ರೆ ಬರಲಿಲ್ಲ. ಹುಡುಗನ ಮೇಜಿನ ಮೇಲಿನ ಎಂಟು ಪುಸ್ತಕಗಳನ್ನು ನಾನು ಆರಿಸಿದ್ದು ಓದತಕ್ಕವು ಎಂಬ ಪಟ್ಟಿಯಿಂದ. ಅವನು ಯಾರೆಂದು ಒಮ್ಮೆಯೂ ಯೋಚಿಸಿರಲಿಲ್ಲ. ವಿಮಾನದಲ್ಲಿ ಓದಲೆಂದು ನನ್ನ ಕೈಚೀಲದಲ್ಲಿ ಇಟ್ಟುಕೊಂಡದ್ದು ಒಂಬತ್ತನೆಯದು, ತೇಜಸ್ವಿಯವರ 'ಕರ್ವಾಲೊ'. 1980ರಲ್ಲಿ ಬಂದ ಆ ಕಾದಂಬರಿಯಲ್ಲಿ ಹಾರುವ ಓತಿಯೊಂದನ್ನು ಹುಡುಕುತ್ತ ವಿಜ್ಞಾನಿಯೂ ಹಳ್ಳಿಗರೂ ಮಲೆನಾಡಿನ ಕಾಡು ಹೊಗುತ್ತಾರೆ. ಎಷ್ಟನೆಯ ಸಲವೋ ಓದುತ್ತಿದ್ದೆ. ಅಂಚುಗಳು ಮಡಿಸಿಹೋಗಿದ್ದುವು, ಒಂದು ಪುಟದಲ್ಲಿ ಕಾಫಿಯ ಕಲೆ. ಬೆಳಿಗ್ಗೆ ಅದನ್ನು ಅವನ ಮೇಜಿನ ಮೇಲಿಟ್ಟು ಮಾತಾಡದೆ ಹೊರಬಂದೆ.

ವಿಮಾನ ನಿಲ್ದಾಣದಲ್ಲಿ ಪುಟ್ಟು ನಕಾನೊದ ಆ ಪೊಟ್ಟಣವನ್ನು ಕೈಗಿತ್ತ. 'ಮುಶಿಶಿ', ಮೊದಲನೆಯ ಸಂಪುಟ. "ನನಗೆ ಓದಲು ಬಾರದಲ್ಲೋ" ಎಂದರೆ, "ಆಮೇಲೆ ಬರುತ್ತದೆ" ಎಂದ.

ಜೂನ್ ತಿಂಗಳ ನಡುವೆ ಒಂದು ರಾತ್ರಿ ದೂರವಾಣಿ ಬಂತು. ಪುಟ್ಟು. "ಮಾಮ, ಇನ್ನೊಂದು 'ಕರ್ವಾಲೊ' ಕಳಿಸುತ್ತೀಯಾ?"

"ಯಾಕೋ, ಕಳೆದುಹೋಯಿತೆ?"

"ಇಲ್ಲ. ನಾನು ಅರ್ಧ ಓದಿದ್ದೆ. ಅಮ್ಮ ಎತ್ತಿಕೊಂಡು ಹೋದವಳು ಕೊಡುತ್ತಲೇ ಇಲ್ಲ. ಓತಿ ಸಿಕ್ಕಿತೋ ಇಲ್ಲವೋ ಎಂದು ಕೇಳಿದರೆ ಹೇಳಲು ಹೊರಟಳು. ಕಿವಿ ಮುಚ್ಚಿಕೊಂಡು ಓಡಿಬಂದೆ."

ಮಾರನೆಯ ದಿನ ಪುಸ್ತಕದಂಗಡಿಗೆ ಹೋಗಿ ಮೂರು ಪ್ರತಿ ಕೊಟ್ಟುಬಿಡಿ ಎಂದೆ.