ತಿರುಗುತ್ತೆ, ಓದಲ್ಲ

ಸೀಡಿ ಡ್ರೈವ್ ಒಂದೇ ದಿನದಲ್ಲಿ ಕೈಕೊಡುವುದಿಲ್ಲ. ಮೊದಮೊದಲು ಸೀಡಿಯ ಗುರುತು ಹಿಡಿಯಲು ಹೊತ್ತು ಮಾಡುತ್ತದೆ. ಗಿರ್ರನೆ ತಿರುಗಿ ನಿಲ್ಲುತ್ತದೆ, ಟಿಕ್ ಟಿಕ್ ಎನ್ನುತ್ತದೆ, ಮತ್ತೆ ತಿರುಗುತ್ತದೆ. ಕೊನೆಗೊಂದು ದಿನ, ಸೀಡಿ ಒಳಗೇ ಇದ್ದರೂ ಡಿಸ್ಕ್ ಹಾಕಿ ಎಂದು ಪರದೆ ಕೇಳುತ್ತದೆ. ಆಗ ಹೆಚ್ಚಿನವರು ಈಗಿನ ಕಾಲದಲ್ಲಿ ಸೀಡಿ ಯಾರಿಗೆ ಬೇಕು ಎಂದು ಕೈಬಿಟ್ಟುಬಿಡುತ್ತಾರೆ. ನನ್ನ ತಕರಾರು ಇಲ್ಲೇ. ಡ್ರೈವ್ ಬೇಡವಾಗಿರಬಹುದು, ಬೀರುವಿನ ಮೂಲೆಯಲ್ಲಿರುವ ಸೀಡಿಗಳಲ್ಲಿ ಏನೇನಿದೆ ಎಂದು ನೋಡಿದವರೆಷ್ಟು ಜನ?

ಸಾಗರದ ಕಡೆ ಇರುವ ನಮ್ಮ ಚಿಕ್ಕಪ್ಪನ ಬೀರುವಿನಲ್ಲಿ ಇರುವುದು ಯಕ್ಷಗಾನ. ಭಾಗವತ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತರ ಆಸುಪಾಸಿನ ಪ್ರಾಯ. ಅವರ ಭಾಗವತಿಕೆಯ ಹುಚ್ಚು ಹತ್ತಿದ್ದವರು ರಂಗಸ್ಥಳದ ಹತ್ತಿರವೇ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂರುತ್ತಿದ್ದರು. ಚಿಕ್ಕಪ್ಪನೂ ಅವರಲ್ಲೊಬ್ಬ. ಮನೆಗೆ ಕಂಪ್ಯೂಟರ್ ಬಂದ ಮೇಲೆ ಆ ಕ್ಯಾಸೆಟ್ಟುಗಳೆಲ್ಲ ಸೀಡಿಗೆ ಬಂದವು. ಪದ್ಯದ ನಡುವೆ ಯಾರೋ ಕೆಮ್ಮುವುದು, ಚೆಂಡೆಯ ಪೆಟ್ಟು ಜೋರಾದಾಗ ಮೈಕು ಒದರುವುದು, ದೂರದಲ್ಲಿ ಕಡಲೆಕಾಯಿಯವನ ಕೂಗು, ಎಲ್ಲವೂ ಅದರಲ್ಲಿದೆ. ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ಟಿನಲ್ಲಿ ಆ ರಾತ್ರಿ ಸಿಗುವುದಿಲ್ಲ.

"ತಮಾ, ಡ್ರೈವ್ ಹಾಳಾತು, ಸೀಡಿ ಎಲ್ಲಾ ಹೋತು" ಎಂದು ಚಿಕ್ಕಪ್ಪ ಫೋನು ಮಾಡಿದ. ಡ್ರೈವ್ ಹಾಳಾದರೆ ಸೀಡಿ ಯಾಕೆ ಹೋಗಬೇಕು? ಕಾಯಿಲೆ ಯಾರದು ಎಂದು ಮೊದಲು ತಿಳಿಯಬೇಕು. ಅಂಗಡಿಯಲ್ಲಿ ಕೊಂಡ ಹಾಡಿನ ಸೀಡಿಯಲ್ಲಿ ಕುಳಿಗಳನ್ನು ಅಚ್ಚೊತ್ತಿ ಮೇಲೆ ಅಲ್ಯುಮಿನಿಯಂ ಲೇಪಿಸಿರುತ್ತಾರೆ. ಮನೆಯಲ್ಲಿ ಬರೆದದ್ದರಲ್ಲಿ ಇರುವುದು ಬಣ್ಣದ ಪದರ, ಅದನ್ನು ಲೇಸರ್ ಸುಟ್ಟು ಗುರುತು ಮಾಡಿರುತ್ತದೆ. ಇದು ಬೆಳಕನ್ನು ಅಷ್ಟು ಚೆನ್ನಾಗಿ ಹಿಂದಿರುಗಿಸುವುದಿಲ್ಲ, ಹಾಗಾಗಿ ಲೇಸರ್ ಸೊರಗಿದ ಡ್ರೈವ್ ಮನೆಯ ಸೀಡಿಯಲ್ಲೇ ಮೊದಲು ಎಡವುತ್ತದೆ. ಇನ್ನೊಂದು ವಿಷಯ: ಸೀಡಿಗೆ 780 ನ್ಯಾನೋಮೀಟರಿನ ಲೇಸರ್, ಡಿವಿಡಿಗೆ 650ರದ್ದು. ಒಂದೇ ಡ್ರೈವಿನಲ್ಲಿ ಎರಡೂ ಇರುತ್ತವೆ, ಒಂದು ಹೋದರೂ ಇನ್ನೊಂದು ಬದುಕಿರಬಹುದು. ಡಿವಿಡಿಗಳೆಲ್ಲ ಓಡಿ, ಒಂದೂ ಸೀಡಿ ಓಡದಿದ್ದರೆ ಸೀಡಿಗಳನ್ನು ಬೈಯಬೇಡಿ.

ಮಲೆನಾಡಿನ ಮಳೆಗಾಲದಲ್ಲಿ ಧೂಳು, ತೇವ ಎರಡೂ ಸೇರಿ ಲೆನ್ಸಿನ ಮೇಲೆ ಮಬ್ಬು ಕಟ್ಟುತ್ತವೆ. ಹೆಸರುಕಾಳಿನಷ್ಟು ಲೆನ್ಸ್ ಅದು, ಕೂದಲೆಳೆಯಂಥ ತಂತಿಗಳ ಮೇಲೆ ತೂಗಾಡುತ್ತಿರುತ್ತದೆ. ಹತ್ತಿಯ ಕಡ್ಡಿಗೆ ಒಂದಿಷ್ಟು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ, ಒತ್ತದೆ, ಸವರಬೇಕು. ಎಷ್ಟೋ ಡ್ರೈವುಗಳು ಇಷ್ಟಕ್ಕೇ ಎದ್ದು ಕೂರುತ್ತವೆ. ಟ್ರೇ ಹೊರಗೆ ಬರದಿದ್ದರೆ ಕಂಪ್ಯೂಟರ್ ಆರಿಸಿ, ಮುಂದಿರುವ ಸೂಜಿಗಣ್ಣಿನಷ್ಟು ತೂತಿಗೆ ನೆಟ್ಟಗೆ ಮಾಡಿದ ಜೆಮ್ ಕ್ಲಿಪ್ ತೂರಿಸಿದರೆ ಬರುತ್ತದೆ. ಟ್ರೇ ಸಿಕ್ಕಿಕೊಳ್ಳುವುದು ಬಹಳ ಸಲ ಒಳಗಿನ ರಬ್ಬರ್ ಬೆಲ್ಟ್ ಸಡಿಲವಾಗಿ. ಅದನ್ನು ಬಿಸಿನೀರಲ್ಲಿ ಅದ್ದಿ ಒರೆಸಿ ಹಾಕಿದರೆ ಇನ್ನಷ್ಟು ದಿನ ನಡೆಯುತ್ತದೆ, ನಮಗೆ ಬೇಕಾದದ್ದು ಅಷ್ಟು ದಿನವೇ. ಲೇಸರ್ ಸತ್ತಿದ್ದರೆ ಮಾತ್ರ ರಿಪೇರಿ ಮಾತು ಬಿಡಿ. ಸೀಡಿ, ಡಿವಿಡಿ ಓದುವ ಯುಎಸ್‌ಬಿ ಡ್ರೈವ್ ಒಂದನ್ನು ತಂದುಕೊಳ್ಳುವುದೇ ಸರಿ.

ಸೀಡಿಯ ದಪ್ಪ 1.2 ಮಿಲಿಮೀಟರ್. ಅದರಲ್ಲಿ ಬಹುಪಾಲು ಬರೀ ಪಾರದರ್ಶಕ ಪ್ಲಾಸ್ಟಿಕ್. ಬರಹ ಇರುವುದು ಹೆಸರು ಬರೆಯುವ ಮೇಲ್ಭಾಗದ ಕೆಳಗೇ, ತೆಳು ಅರಗಿನ ಹೊದಿಕೆಯ ಅಡಿಯಲ್ಲಿ. ನಾವು ಹೊಳೆಯುವ ಬದಿಗೆ ಗೀರು ಬಿದ್ದರೆ ಹೌಹಾರುತ್ತೇವೆ, ಮೇಲೆ ಬಾಲ್ ಪೆನ್ನಿನಲ್ಲಿ ಒತ್ತಿ 'ಗದಾಯುದ್ಧ' ಎಂದು ಬರೆಯುತ್ತೇವೆ. ಕೆಳಗಿನ ಗೀರಿಗಾದರೂ ಉಪಾಯವಿದೆ, ಮೇಲಿನ ಗಾಯಕ್ಕೆ ಇಲ್ಲ.

ಒರೆಸುವಾಗ ನಡುವಿನಿಂದ ಅಂಚಿಗೆ ಒರೆಸಬೇಕು, ಸುತ್ತ ಉಜ್ಜಬಾರದು. ಬರಹ ನಡುವಿನಿಂದ ಹೊರಟು ಸುರುಳಿಯಾಗಿ ಹೋಗುತ್ತದೆ. ಸುರುಳಿಯ ಉದ್ದಕ್ಕೆ ಗೀರು ಬಿದ್ದರೆ ಒಂದಕ್ಕೊಂದು ಅಂಟಿದ ಮಾಹಿತಿಯೆಲ್ಲ ಒಟ್ಟಿಗೆ ಅಳಿಯುತ್ತದೆ. ಅಡ್ಡ ಬಿದ್ದರೆ ಪ್ರತಿ ಸುತ್ತಿನಲ್ಲೂ ಚೂರು ಚೂರು ಹೋಗುತ್ತದೆ, ಆ ಚೂರನ್ನು ಡ್ರೈವ್ ತಾನೇ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲಮನ್ ಎಂಬ ಗಣಿತಜ್ಞರು 1960ರಲ್ಲಿ ಪ್ರಕಟಿಸಿದ ಲೆಕ್ಕ ಅದು. 1982ರಲ್ಲಿ ಸೀಡಿ ಮಾರುಕಟ್ಟೆಗೆ ಬಂದಾಗ ಆ ಲೆಕ್ಕವೂ ಜೊತೆಗೇ ಮನೆಮನೆಗೆ ಬಂತು. ಸುಮಾರು ಎರಡೂವರೆ ಮಿಲಿಮೀಟರ್ ಉದ್ದಕ್ಕೆ ಅಳಿದರೂ ಹಾಡು ಪೂರ್ತಿ ಕೇಳುತ್ತದೆ ಎಂದರೆ ನನಗೆ ಇವತ್ತಿಗೂ ರೋಮಾಂಚನ.

ಇಷ್ಟಾದರೂ ಮಾಮೂಲಿನಂತೆ ಕಾಪಿ ಮಾಡಲು ಹೋದರೆ, ಒಂದು ಕಡೆ ತಡವರಿಸಿದ್ದೇ ಕಂಪ್ಯೂಟರ್ ಇಡೀ ಕೆಲಸ ನಿಲ್ಲಿಸಿಬಿಡುತ್ತದೆ. ಅದಕ್ಕೆ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವಿದೆ. ಸಲೀಸಾಗಿ ಓದುವ ಭಾಗವನ್ನೆಲ್ಲ ಅದು ಮೊದಲು ಎತ್ತಿಕೊಳ್ಳುತ್ತದೆ, ಕಷ್ಟದ್ದನ್ನು ಕೊನೆಗಿಟ್ಟು ಮತ್ತೆ ಮತ್ತೆ ಯತ್ನಿಸುತ್ತದೆ, ಎಲ್ಲೆಲ್ಲಿ ಬಾಕಿ ಎಂದು ಒಂದು ಕಡತದಲ್ಲಿ ಬರೆದಿಡುತ್ತದೆ. ಎಂಪಿತ್ರೀ, ಫೋಟೋ ತುಂಬಿದ ಡೇಟಾ ಸೀಡಿಗಳಿಗೆ ಇದು ಒಗ್ಗುತ್ತದೆ. ಅದೇ ಸೀಡಿಯನ್ನು ಬೇರೆ ಡ್ರೈವಿಗೆ ಹಾಕಿದರೆ ಬಾಕಿ ಇದ್ದಲ್ಲಿಂದ ಮುಂದುವರಿಯುತ್ತದೆ. ಒಂದು ಡ್ರೈವಿಗೆ ಕಾಣದ್ದು ಇನ್ನೊಂದಕ್ಕೆ ಕಾಣುವುದುಂಟು. ಹಾಗಾಗಿ ಮುಕ್ಕಾಲು ಸತ್ತ ಹಳೇ ಡ್ರೈವನ್ನೂ ಗುಜರಿಗೆ ಹಾಕಬೇಡಿ ಎಂದು ಕಂಡವರಿಗೆಲ್ಲ ಹೇಳುತ್ತಿರುತ್ತೇನೆ.

ಚಿಕ್ಕಪ್ಪನ ಸೀಡಿಗಳಲ್ಲಿ ಹೆಚ್ಚಿನವು ಬಂದವು. ಬೆಳಕಿಗೆ ಹಿಡಿದಾಗ ಬೆಳ್ಳಿ ಪದರದಲ್ಲಿ ತೂತು ಕಂಡ ಕೆಲವು ಬರಲಿಲ್ಲ. ಬಂದದ್ದನ್ನು ಎರಡು ಹಾರ್ಡ್ ಡಿಸ್ಕಿಗೆ ಹಾಕಿ, ಒಂದನ್ನು ಬೆಂಗಳೂರಿನಲ್ಲಿ, ಒಂದನ್ನು ಊರಿನಲ್ಲಿ ಇಟ್ಟಿದ್ದೇವೆ. ಈ ಕೆಲಸಕ್ಕೆಂದು ತಂದ ಯುಎಸ್‌ಬಿ ಡ್ರೈವ್ ಈಗ ತೀರ್ಥಹಳ್ಳಿಯ ಅತ್ತಿಗೆಯ ಮನೆಗೆ ಹೋಗಿದೆ. ಅಲ್ಲಿ ಮದುವೆ ಡಿವಿಡಿಗಳ ಒಂದು ಕಟ್ಟೇ ಇದೆಯಂತೆ, ಮಳೆ ಹಿಡಿಯುವುದರೊಳಗೆ ಮುಗಿಸಬೇಕು.