ಧೀಮಾ ಕಿ ತೇಜ್?

ನಮ್ಮ ಅಬ್ಬಾ ಅವರ ಅಂಗಡಿ ಸೋಂಪುರದಲ್ಲಿದೆ. ಫ್ಯಾನ್, ಮಿಕ್ಸಿ, ಮೋಟರ್ ರಿಪೇರಿ. ಇಲ್ಲಿನ ಫ್ಯಾಕ್ಟರಿಗಳಲ್ಲಿ ದುಡಿಯುವ ಹುಡುಗರು ಶೀಟ್ ಹೊದಿಸಿದ ಬಾಡಿಗೆ ರೂಮುಗಳಲ್ಲಿ ಇರುತ್ತಾರಲ್ಲ, ಬೇಸಿಗೆಯಲ್ಲಿ ಅವರ ಫ್ಯಾನುಗಳಿಂದಲೇ ನಮ್ಮ ಮನೆ ನಡೆಯುತ್ತದೆ.

ಅಂಗಡಿಯ ಮೇಜಿನ ಮೇಲೆ ಒಂದು ಸೀರೀಸ್ ಬೋರ್ಡ್ ಇದೆ. ಒಂದು ಹೋಲ್ಡರ್, ಅದರಲ್ಲಿ 100 ವ್ಯಾಟಿನ ಹಳೇ ಕಾಲದ ಬಲ್ಬು, ಪಕ್ಕದಲ್ಲಿ ಒಂದು ಸಾಕೆಟ್. ರಿಪೇರಿಗೆ ಬಂದ ಫ್ಯಾನನ್ನು ನೇರವಾಗಿ ಕರೆಂಟಿಗೆ ಕೊಡದೆ ಮೊದಲು ಈ ಬಲ್ಬಿನ ಜೊತೆ ಸರಣಿಯಲ್ಲಿ ಸೇರಿಸುತ್ತಾರೆ. ಬಲ್ಬು ಉರಿಯದಿದ್ದರೆ ಒಳಗೆ ತಂತಿ ಕಡಿದಿದೆ. ಪೂರ್ತಿ ಉರಿದರೆ ಶಾರ್ಟ್ ಆಗಿದೆ. ಕೆಂಡದ ಹಾಗೆ ಮಂದವಾಗಿ ಉರಿದರೆ ಕಾಯಿಲು ಚೆನ್ನಾಗಿದೆ. ಅಬ್ಬಾ ನಾಲ್ಕನೇ ತರಗತಿಗೇ ಶಾಲೆ ಬಿಟ್ಟವರು. ಓಮ್ ಎಂಬ ಹೆಸರು ಕೇಳಿಲ್ಲ. ಆದರೆ ಇಪ್ಪತ್ತು ವರ್ಷದಿಂದ ಈ ಬಲ್ಬು ನೋಡಿಯೇ ರೋಗ ಹೇಳುತ್ತಿದ್ದಾರೆ.

ಹೋದ ವರ್ಷದಿಂದ ಅವರ ಎರಡೂ ಕಣ್ಣಿಗೆ ಪೊರೆ ಬರುತ್ತಿದೆ. ಆಪರೇಷನ್ ಆಪಾಳ ಮದುವೆ ಮುಗಿಯಲಿ ಎಂದು ಮುಂದೆ ಹೋಯಿತು. ಹೀಗಾಗಿ ಕಾಲೇಜು ಬಿಟ್ಟ ಮೇಲೆ ಬೋರ್ಡಿನ ಮುಂದೆ ನಾನು ಕೂರುತ್ತೇನೆ. ಹುಡುಗಿ ಅಂಗಡಿಯಲ್ಲಿ ಕೂರುವುದು ಖಾಲಾಗೆ ಇಷ್ಟವಿಲ್ಲ, ಅದು ಬೇರೆ ಮಾತು. ಅಬ್ಬಾ ಸ್ವಿಚ್ ಹಾಕಿ ಕೇಳುತ್ತಾರೆ: ‘ಧೀಮಾ ಹೈ ಕಿ ತೇಜ್ ಹೈ?’ ನಾನು ನೋಡಿ ಹೇಳಬೇಕು. ಅಷ್ಟೇ ನನ್ನ ಕೆಲಸ.

ಒಂದು ಸಂಜೆ ಆ 100ರ ಬಲ್ಬು ಹೋಯಿತು. ಈಗ ಎಲ್ಲ ಕಡೆ ಎಲ್‌ಇಡಿ, ತಂತಿಯ ಬಲ್ಬು ಸುಲಭಕ್ಕೆ ಸಿಗುವುದಿಲ್ಲ. ಮನೆಯಲ್ಲಿ 40 ವ್ಯಾಟಿನದು ಒಂದಿತ್ತು. ಬಲ್ಬು ಬಲ್ಬೇ ತಾನೆ ಎಂದು ಅದನ್ನೇ ಹಾಕಿದೆ. ಅಬ್ಬಾಗೆ ಹೇಳಲೂ ಇಲ್ಲ. ಆಮೇಲೆ ಒಬ್ಬ ಹುಡುಗ ಫ್ಯಾನು ತಂದ. ಗುಂಯ್ ಅನ್ನುತ್ತೆ, ತಿರುಗಲ್ಲ ಅಂದ. ಬೋರ್ಡಿಗೆ ಹಾಕಿದಾಗ ಬಲ್ಬು ಚೆನ್ನಾಗಿಯೇ ಬೆಳಗಿತು.

‘ತೇಜ್ ಹೈ ಅಬ್ಬಾ’ ಎಂದೆ.

ಅವರು ಫ್ಯಾನನ್ನು ಮೂಗಿನ ಹತ್ತಿರ ಹಿಡಿದು, ಸುಟ್ಟ ವಾಸನೆಯೇ ಇಲ್ಲವಲ್ಲ ಬೇಟಾ ಎಂದರು. ಆದರೂ ನನ್ನ ಕಣ್ಣನ್ನು ನಂಬಿ ಕಾಯಿಲು ಕತ್ತರಿಸಿ ತೆಗೆದರು. ಕತ್ತರಿಸಿದ ತಾಮ್ರ ಹೊಸದರಂತೆ ಹೊಳೆಯುತ್ತಿತ್ತು. ರಾತ್ರಿ ಹನ್ನೆರಡರವರೆಗೆ ಕೈಯಲ್ಲೇ ತಡವಿ ಹೊಸ ತಂತಿ ಸುತ್ತಿದರು. ಫ್ಯಾನು ಆಗಲೂ ತಿರುಗಲಿಲ್ಲ. ಕೆಪಾಸಿಟರ್ ಬದಲಾಯಿಸಿದ ಕೂಡಲೇ ತಿರುಗಿತು. ಹೋಗಿದ್ದದ್ದು ಅದೊಂದೇ. ಹುಡುಗನಿಂದ ಅಬ್ಬಾ ಕೆಪಾಸಿಟರ್ ದುಡ್ಡು ಮಾತ್ರ ತೆಗೆದುಕೊಂಡರು. ನನಗೆ ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮರುದಿನ ಅಕೌಂಟೆನ್ಸಿ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕ ಹಾಕಿದೆ. ಹತ್ತನೇ ತರಗತಿಯ ಸೂತ್ರವೇ: ವೋಲ್ಟೇಜಿನ ವರ್ಗವನ್ನು ವ್ಯಾಟಿನಿಂದ ಭಾಗಿಸಿದರೆ ರೋಧ. 230 ವೋಲ್ಟಿಗೆ 100 ವ್ಯಾಟ್ ಬಲ್ಬಿನ ರೋಧ 529 ಓಮ್. 75 ವ್ಯಾಟಿನ ಫ್ಯಾನು ಸುಮಾರು 705 ಓಮ್. (ಫ್ಯಾನಿನಲ್ಲಿ ಇರುವುದು ಕಾಯಿಲು, ಬಲ್ಬಿನ ರೋಧವೂ ಬಿಸಿಯಾದಂತೆ ಏರುತ್ತದೆ, ಆದ್ದರಿಂದ ಇದು ಅಂದಾಜು ಲೆಕ್ಕ.) ಸರಣಿಯಲ್ಲಿ ರೋಧಗಳನ್ನು ಕೂಡಬೇಕು: 1234. ವೋಲ್ಟೇಜು ರೋಧಕ್ಕೆ ತಕ್ಕ ಹಾಗೆ ಹಂಚಿಕೊಳ್ಳುತ್ತದೆ, ಪಾಲುದಾರರು ಬಂಡವಾಳಕ್ಕೆ ತಕ್ಕ ಹಾಗೆ ಲಾಭ ಹಂಚಿಕೊಂಡಂತೆ. ಬಲ್ಬಿನ ಪಾಲು ಸುಮಾರು 99 ವೋಲ್ಟ್. ಅದಕ್ಕೇ ಮಂದ.

ಈಗ 40 ವ್ಯಾಟಿನ ಬಲ್ಬು. ವ್ಯಾಟು ಕಡಿಮೆ ಆದ್ದರಿಂದ ರೋಧವೂ ಕಡಿಮೆ ಅಂದುಕೊಂಡಿದ್ದೆ. ಉಲ್ಟಾ, 1322 ಓಮ್! ಒಟ್ಟು 2027, ಬಲ್ಬಿನ ಪಾಲು 150 ವೋಲ್ಟ್. ಚೆನ್ನಾಗಿರುವ ಫ್ಯಾನಿಗೂ ಅದು ಬೆಳಗಲೇಬೇಕು.

ಅಬ್ಬಾಗೆ ತೋರಿಸಿದೆ. ಅಂಕಿ ಅವರಿಗೆ ಕಾಣಲಿಲ್ಲ, ನಾನೇ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಉಸ್ತಾದರು 100ರದ್ದೇ ಹಾಕು ಅಂದಿದ್ದರು. ಯಾಕೆ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ’ ಎಂದರು. ಮತ್ತೆ, ಮನೆಯಲ್ಲಿ ಹಾಗಾದರೆ ಒಂದು ಬಲ್ಬು ಹಾಕಿದರೆ ಇನ್ನೊಂದು ಯಾಕೆ ಮಂದ ಆಗುವುದಿಲ್ಲ ಎಂದು ಕೇಳಿದರು. ಉತ್ತರ ಅವರಿಗೇ ಗೊತ್ತು, ನನ್ನ ಬಾಯಿಂದ ಕೇಳಬೇಕಿತ್ತು ಅಷ್ಟೆ. ಮನೆಯ ವೈರಿಂಗ್ ಸಮಾಂತರ, ಪ್ರತಿಯೊಂದಕ್ಕೂ ಪೂರ್ತಿ 230. ಒಂದೊಂದೇ ಸೇರಿಸಿದಂತೆ ಒಟ್ಟು ರೋಧ ಇಳಿಯುತ್ತದೆ, ಕರೆಂಟು ಏರುತ್ತದೆ, ಕೊನೆಗೆ ಫ್ಯೂಸ್ ಹೋಗುತ್ತದೆ.

ಈ ಸಮಾಂತರದಲ್ಲೇ ನಾನು ಪರೀಕ್ಷೆಯಲ್ಲಿ ಅಂಕ ಕಳೆದುಕೊಂಡಿದ್ದೆ. 6 ಓಮ್ ಮತ್ತು 3 ಓಮ್. ಆರನೇ ಒಂದು, ಮೂರನೇ ಒಂದು ಕೂಡಿದರೆ ಅರ್ಧ. ಅದನ್ನು ತಿರುಗಿಸಿ 2 ಎಂದು ಬರೆಯುವುದು ಬಿಟ್ಟು ಅರ್ಧವನ್ನೇ ಉತ್ತರವಾಗಿ ಬರೆದೆ. ಚಿಕ್ಕ ರೋಧಕ್ಕಿಂತ ಉತ್ತರ ಕಡಿಮೆ ಇರಬೇಕು ಎಂದು ತಾಳೆ ನೋಡಿದ್ದೆ, ಅರ್ಧವೂ ಮೂರಕ್ಕಿಂತ ಕಡಿಮೆಯೇ ಅಲ್ಲವೆ! ಎರಡೇ ರೋಧಕಗಳಿದ್ದರೆ ಉತ್ತರ ಚಿಕ್ಕದರ ಅರ್ಧಕ್ಕಿಂತ ಕೆಳಗೆ ಹೋಗುವಂತಿಲ್ಲ, ಇಲ್ಲಿ ಒಂದೂವರೆಗಿಂತ. ಇದು ಈಗ ಹೊಳೆದಿದೆ, ಕಾಮರ್ಸ್ ಸೇರಿದ ಮೇಲೆ.

ಈ ನಿಯಮವನ್ನು 1827ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಜರ್ಮನಿಯ ಜಾರ್ಜ್ ಓಮ್‌ನ ತಂದೆ ಬೀಗ ಮಾಡುವ ಕೆಲಸದವರು. ಮಗನಿಗೆ ಗಣಿತ, ವಿಜ್ಞಾನ ಕಲಿಸಿದ್ದೂ ಅವರೇ. ಇದನ್ನು ಹೇಳಿದಾಗ ಅಬ್ಬಾ ತುಂಬಾ ಖುಷಿಯಾದರು, ಆಮೇಲೆ ‘ಅವರ ಕಣ್ಣು ಚೆನ್ನಾಗಿತ್ತಾ?’ ಎಂದು ಕೇಳಿದರು.

ದಸರಾ ರಜೆಯಲ್ಲಿ ಎಡಗಣ್ಣಿನ ಆಪರೇಷನ್. ಅಲ್ಲಿಯವರೆಗೆ ಬೋರ್ಡಿನ ಮುಂದೆ ನಾನೇ. ದಾಬಸ್‌ಪೇಟೆಯಲ್ಲೆಲ್ಲ ಹುಡುಕಿ 100 ವ್ಯಾಟಿನ ಬಲ್ಬು ಎರಡು ತಂದಿದ್ದೇನೆ. ಒಂದು ಹೋಲ್ಡರಿನಲ್ಲಿದೆ, ಇನ್ನೊಂದು ಅಮ್ಮಿಯ ಬಟ್ಟೆ ಪೆಟ್ಟಿಗೆಯಲ್ಲಿ, ದುಪಟ್ಟಾ ಸುತ್ತಿ ಇಟ್ಟಿದ್ದೇನೆ.