ಸುಳ್ಳು ನಿದ್ರೆ

ವಾಚಕ ಮಿತ್ರರಲ್ಲಿ ನನ್ನದೊಂದು ತಪ್ಪೊಪ್ಪಿಗೆಯಿದೆ. ಹೈಸ್ಕೂಲಿನಲ್ಲಿದ್ದಾಗ ತಂದೆಯವರೊಡನೆ ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಬಂದು ಸಮ್ಮೋಹನ ಪ್ರದರ್ಶನವೊಂದನ್ನು ನೋಡಿದೆನು. ಜಾದೂಗಾರನು ನನ್ನನ್ನು ವೇದಿಕೆಗೆ ಕರೆದು, ಕಣ್ಣಲ್ಲಿ ಕಣ್ಣಿಟ್ಟು, “ನಿದ್ರಿಸು” ಎಂದನು. ನಿದ್ರೆ ಬರಲಿಲ್ಲ, ಸಭೆಗೆ ಅಂಜಿ ಕಣ್ಣು ಮುಚ್ಚಿದೆನು. ಕುಣಿಯೆಂದಾಗ ಕುಣಿದೆನು. ರೇಷ್ಮೆ ಸೀರೆ ನೇಯುವ ತಂದೆಯವರು ಮಗನಿಗೇನೋ ಆಯಿತೆಂದು ಹೆದರಿ, ಅಂದು ರಾತ್ರಿಯೆಲ್ಲ ನನ್ನ ತಲೆದೆಸೆಯಲ್ಲಿ ಕುಳಿತಿದ್ದರು. ಆಗಲೂ ನಾನು ಬಾಯಿಬಿಡಲಿಲ್ಲ.

ಈಚೆಗೆ ಅಬೆ ಫರಿಯಾನ ವೃತ್ತಾಂತವನ್ನು ಓದಿದೆನು. 1756ರಲ್ಲಿ ಗೋವೆಯಲ್ಲಿ ಹುಟ್ಟಿದ ಈ ಪಾದ್ರಿಯು 1813ರಿಂದ ಪ್ಯಾರಿಸಿನಲ್ಲಿ ಸಮ್ಮೋಹನ ಪ್ರದರ್ಶನಗಳನ್ನು ನಡೆಸಿ ಹೆಸರಾದನು. ಸಮ್ಮೋಹಕನಿಂದ ಒಂದು ಕಾಂತಶಕ್ತಿ ಹರಿಯುವುದೆಂದು ಮೆಸ್ಮರನ ಅನುಯಾಯಿಗಳು ಹೇಳುತ್ತಿದ್ದರು. ಫರಿಯಾ ಮಾತ್ರ, ಶಕ್ತಿಯಿರುವುದು ತನ್ನಲ್ಲಲ್ಲ, ನಿದ್ರಿಸುವವನ ಮನಸ್ಸಿನಲ್ಲಿ ಎಂದು ಸಾರಿದನು. ಒಮ್ಮೆ ನಟನೊಬ್ಬನು ನಿದ್ರೆ ಬಂದಂತೆ ನಟಿಸಿ, ತುಂಬಿದ ಸಭೆಯಲ್ಲಿ ಕಣ್ತೆರೆದು ಅವನನ್ನು ನಗೆಗೀಡು ಮಾಡಿದನಂತೆ. 1819ರಲ್ಲಿ ಫರಿಯಾ ತೀರಿಕೊಂಡನು. ಆದರೆ ವಿದ್ಯೆ ಸಾಯಲಿಲ್ಲ. 1841ರಲ್ಲಿ ಮ್ಯಾಂಚೆಸ್ಟರಿನಲ್ಲಿ ಲಾಫೊಂತೇನನ ಪ್ರದರ್ಶನಕ್ಕೆ ಅನುಮಾನದಿಂದಲೇ ಹೋದ ವೈದ್ಯ ಜೇಮ್ಸ್ ಬ್ರೇಡನು ತಾನೇ ಪರೀಕ್ಷಿಸಿ ನೋಡಿ, ಅದಕ್ಕೆ ಹಿಪ್ನಾಟಿಸಂ ಎಂಬ ಹೆಸರನ್ನು ಬಳಕೆಗೆ ತಂದನು. ಇಂದು ಮನೋವೈದ್ಯರೂ ಅದನ್ನು ಬಳಸುತ್ತಾರೆ.

ನನ್ನನ್ನು ಅಂದು ಕುಣಿಸಿದ್ದು ಜಾದೂಗಾರನ ಕಣ್ಣಲ್ಲ, ನನ್ನ ಅಂಜಿಕೆ. ಆ ನಟನು ಅಲ್ಲಿಯೇ ಕಣ್ತೆರೆದನು. ನಾನು ಇಷ್ಟು ವರ್ಷ ಮುಚ್ಚಿಕೊಂಡೇ ಇದ್ದೆನು. ತಂದೆಯವರಿಗೆ ಓದು ಬಾರದು. ಈ ಸಂಚಿಕೆ ಕೈಸೇರಿದ ದಿನ ಮಗ್ಗದ ಬಳಿ ಕುಳಿತು ನಾನೇ ಓದಿ ಹೇಳಬೇಕೆಂದಿದ್ದೇನೆ.